ನೀರಿನ ಮೇಲಿನ ಬಿಳಿ ಚೆಂಡುಗಳು

2022ರ ಡಿಸೆಂಬರ್. ಅನ್ನೂರಿನಲ್ಲಿ ನಾಲ್ಕು ದಾರಿ ಕೂಡುವ ಕಡೆ, ಎರಡನೇ ಅವತಾರ್ ನೋಡಲು ಕೊಯಮತ್ತೂರು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅಕ್ಕನ ಮಗ ಕೇಳಿದ: "ಮಾವಾ, ಮೊದಲನೇ ಅವತಾರ್‌ನಲ್ಲಿ ಹೀರೋ ಹೆಸರೇನು?"

ನೆನಪಾಗಲಿಲ್ಲ. ಆ ಚಿತ್ರವನ್ನು ಎರಡು ಸಲ ನೋಡಿದವನು ನಾನು. ಗಾಳಿಯಲ್ಲಿ ತೇಲುವ ಬೆಟ್ಟಗಳು ನೆನಪಿದ್ದವು. ರಾತ್ರಿ ಹೊತ್ತು ಕಾಲಿಟ್ಟಲ್ಲಿ ಹೊಳೆಯುವ ಕಾಡು ನೆನಪಿತ್ತು. ಮೂಗಿನಿಂದ ಜಾರುತ್ತಲೇ ಇದ್ದ ತ್ರೀಡಿ ಕನ್ನಡಕವೂ ನೆನಪಿತ್ತು. ಹೆಸರು ಮಾತ್ರ ಊಹೂಂ. "ಅದೇ ಕಣೋ, ಆ ನೀಲಿ ಮನುಷ್ಯ" ಅಂದೆ. ಹುಡುಗ ನಕ್ಕ. 2009ರಲ್ಲಿ ಆ ಚಿತ್ರ ಬಂದಾಗ ಅವನು ಹುಟ್ಟಿರಲಿಲ್ಲ.

ಹೆಸರು ಮರೆತವನು ನಾನೊಬ್ಬನೇ ಆಗಿರಲಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ದುಡ್ಡು ಮಾಡಿದ ಚಿತ್ರದ ಒಂದು ಮಾತೂ ಜನರ ಬಾಯಲ್ಲಿ ಉಳಿದಿಲ್ಲ, ಹದಿಮೂರು ವರ್ಷದ ಮೇಲೆ ಇದರ ಎರಡನೇ ಭಾಗ ಯಾರಿಗೆ ಬೇಕು ಅಂತ ಆಗ ಎಲ್ಲೆಲ್ಲೂ ಚರ್ಚೆ. ಪ್ರಶ್ನೆ ತಪ್ಪಲ್ಲ. 2014ರ ಡಿಸೆಂಬರಿಗೆ ತರುತ್ತೇನೆ ಅಂದಿದ್ದ ನಿರ್ದೇಶಕ ಜೇಮ್ಸ್ ಕ್ಯಾಮರಾನ್, ತಾರೀಕನ್ನು ಮುಂದೂಡುತ್ತ ಮುಂದೂಡುತ್ತ ಎಂಟು ವರ್ಷ ತಳ್ಳಿದ್ದರು. ಅಷ್ಟು ದಿನ ಮಾಡಿದ್ದೇನು ಅನ್ನುವುದೇ ನಾನು ಹೇಳಹೊರಟ ಕತೆ.

ಕಾಯುವುದು ಆ ಮನುಷ್ಯನಿಗೆ ಹೊಸದಲ್ಲ. ಮೊದಲ ಅವತಾರ್‌ನ ಕತೆಯನ್ನು ಬರೆದಿಟ್ಟದ್ದು 1994ರಲ್ಲಿ. ಆಗಿನ ಕಂಪ್ಯೂಟರುಗಳಿಗೆ ಅದನ್ನು ತೆರೆಗೆ ತರುವ ಶಕ್ತಿ ಇರಲಿಲ್ಲ. 2002ರಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್'ನ ಎರಡನೇ ಭಾಗದಲ್ಲಿ ಗೊಲಮ್ ಎಂಬ ಜೀವಿಯ ಮುಖದಲ್ಲಿ ನಟನ ಅಭಿನಯ ಉಳಿದಿರುವುದನ್ನು ಕಂಡ ಮೇಲೆ, ಇನ್ನು ಆಗುತ್ತದೆ ಅನ್ನಿಸಿತಂತೆ. ನಟರ ತಲೆಗೆ ಹೆಲ್ಮೆಟ್ಟಿನಂಥದ್ದು ತೊಡಿಸಿ, ಅದರಿಂದ ಮುಂದಕ್ಕೆ ಚಾಚಿದ ಕಡ್ಡಿಯ ತುದಿಗೆ ಪುಟ್ಟ ಕ್ಯಾಮೆರಾ ಕಟ್ಟಿ, ಮುಖದ ಒಂದೊಂದು ಅಲುಗಾಟವನ್ನೂ ಹಿಡಿದರು. ಮೈಮೇಲೆ ಅಂಟಿಸಿದ ಚುಕ್ಕೆಗಳನ್ನು ಸುತ್ತಲಿನ ಕ್ಯಾಮೆರಾಗಳು ಗುರುತಿಸಿ ನಟನ ನಡೆಯನ್ನು ಕಂಪ್ಯೂಟರಿಗೆ ಕೊಡುತ್ತಿದ್ದವು. ಇಷ್ಟೂ ಒಣ ನೆಲದ ಮೇಲೆ.

ಎರಡನೇ ಭಾಗದ ಕತೆ ಕಡಲಿಗೆ ಹೋಯಿತು, ತೊಡಕು ಶುರುವಾಯಿತು. ಇಂಥ ಸಂದರ್ಭಕ್ಕೆ ಸಿನಿಮಾದವರ ಹಳೆಯ ಉಪಾಯ ಒಂದಿದೆ: ನಟರನ್ನು ತಂತಿಗೆ ನೇತುಹಾಕಿ ಈಜಿದಂತೆ ಆಡಿಸುವುದು, ನೀರನ್ನು ಆಮೇಲೆ ಕಂಪ್ಯೂಟರಿನಲ್ಲಿ ಸುರಿಯುವುದು. ಅದನ್ನೂ ಪರೀಕ್ಷಿಸಿದರು, ನಿಜವಾದ ನೀರಿನಲ್ಲೂ ಪರೀಕ್ಷಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ತಂತಿಯ ಈಜು ಸುಳ್ಳು ಅಂತ ತಾನೇ ಸಾರುತ್ತಿತ್ತು. ನೀರಿನಲ್ಲಿ ಮೈಗೆ ಬರುವ ಎದುರೊತ್ತು, ತಿರುಗುವಾಗ ಆಗುವ ನಿಧಾನ, ಇವನ್ನೆಲ್ಲ ಗಾಳಿಯಲ್ಲಿ ನಟಿಸಲಾಗದು. ನಮ್ಮೂರ ತೋಟದ ಬಾವಿಯಲ್ಲಿ ಈಜು ಕಲಿತ ಯಾರನ್ನು ಕೇಳಿದ್ದರೂ ಇದನ್ನು ಪುಕ್ಕಟೆ ಹೇಳುತ್ತಿದ್ದರು.

ಸರಿ, 120 ಅಡಿ ಉದ್ದ, 60 ಅಡಿ ಅಗಲ, 30 ಅಡಿ ಆಳದ ತೊಟ್ಟಿ ಕಟ್ಟಿದರು. ಅಲ್ಲಿ ಮೂರು ಅಡ್ಡಿ ಎದುರಾದವು.

ಮೊದಲನೆಯದು ಬೆಳಕು. ನೆಲದ ಮೇಲೆ ಚುಕ್ಕೆಗಳನ್ನು ಹಿಡಿಯಲು ಬಳಸುತ್ತಿದ್ದುದು ಇನ್‌ಫ್ರಾರೆಡ್, ಅಂದರೆ ಕೆಂಪಿನಾಚೆಯ ಕಾಣದ ಬೆಳಕು. ನೀರು ಅದನ್ನು ಕುಡಿದುಬಿಡುತ್ತದೆ; ಸ್ವಲ್ಪ ದೂರ ಹೋಗುವುದರೊಳಗೆ ಏನೂ ಉಳಿಯುವುದಿಲ್ಲ. ಹಾಗಾಗಿ ನೀರೊಳಗೆ ಬಣ್ಣಪಟ್ಟಿಯ ಇನ್ನೊಂದು ಕೊನೆಗೆ, ನೇರಳಾತೀತ ಬೆಳಕಿಗೆ ಹೋದರು. ಮೇಲೆ ಒಂದು ಬೆಳಕು, ಕೆಳಗೆ ಇನ್ನೊಂದು. ನಟ ಮುಳುಗುವಾಗ ಸೊಂಟದಿಂದ ಮೇಲಿನದನ್ನು ಒಂದು ವ್ಯವಸ್ಥೆ, ಕೆಳಗಿನದನ್ನು ಮತ್ತೊಂದು ಹಿಡಿಯಬೇಕು, ಎರಡನ್ನೂ ಆ ಕ್ಷಣವೇ ಹೊಲಿಯಬೇಕು.

ಎರಡನೆಯದು ಗುಳ್ಳೆ. ಗುಳ್ಳೆಯೂ ಹೊಳೆಯುತ್ತದೆ, ಚುಕ್ಕೆಯೂ ಹೊಳೆಯುತ್ತದೆ. ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ಗುಳ್ಳೆ ತಪ್ಪಿದ್ದಲ್ಲ. ಇದಕ್ಕೆ ಸಿಕ್ಕ ಪರಿಹಾರದಲ್ಲಿ ತಂತ್ರಜ್ಞಾನವೇ ಇಲ್ಲ: ಎಲ್ಲರೂ ಉಸಿರು ಕಟ್ಟುವುದನ್ನು ಕಲಿತರು. ತರಬೇತಿಯಲ್ಲಿ ನಟಿ ಕೇಟ್ ವಿನ್‌ಸ್ಲೆಟ್ 7 ನಿಮಿಷ ದಾಟಿ ಉಸಿರು ಹಿಡಿದರು.

ಮೂರನೆಯದು ನೀರಿನ ಮೇಲ್ಮೈ. ಅಲುಗಾಡುವ ಕನ್ನಡಿ ಅದು. ಒಂದು ಚುಕ್ಕೆಯನ್ನು ನೂರಾಗಿಸಿ ತೋರಿಸುತ್ತದೆ, ಮೇಲಿನ ದೀಪಗಳ ಬೆಳಕನ್ನೂ ಒಳಗೆ ಚೆಲ್ಲುತ್ತದೆ. ತೊಟ್ಟಿಯನ್ನು ಮುಚ್ಚೋಣವೆಂದರೆ ಉಸಿರು ಬಿಗಿಹಿಡಿದವನು ಥಟ್ಟನೆ ಮೇಲೆ ಬರಬೇಕಲ್ಲ, ತಲೆಗೆ ಮುಚ್ಚಳ ಬಡಿದರೆ ಗತಿಯೇನು? ಕೊನೆಗೆ ಕೆಲಸಕ್ಕೆ ಬಂದದ್ದು ಸಣ್ಣ ಬಿಳಿ ಚೆಂಡುಗಳು. ಅವನ್ನು ರಾಶಿ ರಾಶಿಯಾಗಿ ನೀರಿನ ಮೇಲೆ ಹರಡಿದರು. ಬೆಳಕು ಚೆದುರಿತು, ಕನ್ನಡಿ ಸತ್ತಿತು. ನಟ ಕೆಳಗಿನಿಂದ ತಲೆ ಎತ್ತಿದರೆ ಚೆಂಡುಗಳು ತಾವಾಗಿ ದಾರಿ ಬಿಡುತ್ತಿದ್ದವು. ಕೋಟಿಗಟ್ಟಲೆ ಡಾಲರಿನ ಉಪಕರಣಗಳ ನಡುವೆ ನನಗೆ ತುಂಬ ಇಷ್ಟವಾದ ಶೋಧ ಇದೇ.

ತೊಟ್ಟಿಯ ಸಮಸ್ಯೆ ತೀರಿತು. ಜನ ಬರುತ್ತಾರೋ ಇಲ್ಲವೋ ಅನ್ನುವುದಕ್ಕೂ ಪರೀಕ್ಷೆ ಇಟ್ಟರು. 2022ರ ಸೆಪ್ಟೆಂಬರಿನಲ್ಲಿ ಹಳೆಯ ಅವತಾರ್ ಚಿತ್ರವನ್ನೇ ತಿದ್ದಿ ತೀಡಿ ಮತ್ತೆ ಬಿಡುಗಡೆ ಮಾಡಿದರು. ಮನೆಯ ಟೀವಿಯಲ್ಲಿ ಆಗಲೇ ಬಂದುಹೋಗಿದ್ದ ಚಿತ್ರಕ್ಕೆ ಜಗತ್ತಿನಾದ್ಯಂತ ಜನ 7 ಕೋಟಿ ಡಾಲರಿಗೂ ಹೆಚ್ಚು ಕೊಟ್ಟರು. ಮೂರು ತಿಂಗಳ ನಂತರ ಬಂದ ಎರಡನೇ ಭಾಗದ ಗಳಿಕೆ 230 ಕೋಟಿ ಡಾಲರ್ ದಾಟಿತು.

ನಮ್ಮ ಮಟ್ಟಿಗೆ ಇನ್ನೊಂದು ತಮಾಷೆ ಇದೆ. ಅನ್ನೂರು, ಕಾರಮಡೈ, ಸಿರುಮುಗೈ ಕಡೆಯ ದೇವಾಂಗರು, ಒಕ್ಕಲಿಗರು ಮನೆಯಲ್ಲಿ ಕನ್ನಡದವರು, ಥಿಯೇಟರಿನಲ್ಲಿ ತಮಿಳಿನವರು. ಮೊದಲ ಅವತಾರ್ ನಾನು ನೋಡಿದ್ದು ತಮಿಳಿನಲ್ಲಿ. ಬೇಕೆಂದಿದ್ದರೂ ಆಗ ಕನ್ನಡದಲ್ಲಿ ಸಿಗುತ್ತಿರಲಿಲ್ಲ, ಏಕೆಂದರೆ ಕರ್ನಾಟಕದಲ್ಲಿ ಡಬ್ಬಿಂಗ್ ನಡೆಯುತ್ತಿರಲಿಲ್ಲ. 2015ರ ಸ್ಪರ್ಧಾ ಆಯೋಗದ ಆದೇಶದ ನಂತರ ಆ ಬಾಗಿಲು ತೆರೆಯಿತು, ಎರಡನೇ ಭಾಗ ಕನ್ನಡದಲ್ಲೂ ಬಂತು. ಕನ್ನಡಕ್ಕೆ ಎರಡನೇ ಭಾಗವೇ ಮೊದಲನೆಯದು!

ಹಳೆಯ ಗೆಲುವಿನ ಹೆಸರು ಹಿಡಿದು ತಡವಾಗಿ ಬಂದವರು ನಮ್ಮಲ್ಲೂ ಇದ್ದಾರೆ. ಅನ್ನೂರಿನಿಂದ ಸತ್ಯಮಂಗಲ ದಾಟಿ ದಿಂಬಂ ಘಟ್ಟ ಹತ್ತಿದರೆ ತಾಳವಾಡಿ ಸೀಮೆಯ ಗಾಜನೂರು, ರಾಜ್‌ಕುಮಾರರ ಊರು. ದೊರೈ–ಭಗವಾನ್ ನಿರ್ದೇಶಕ ಜೋಡಿ ಅವರನ್ನು ಗೂಢಚಾರ ಸಿಐಡಿ 999 ಮಾಡಿ 1968ರಲ್ಲಿ 'ಜೇಡರ ಬಲೆ', 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' ತೆಗೆಯಿತು. ಮೂರೂ ಕಪ್ಪು ಬಿಳುಪು. ನಾಲ್ಕನೆಯದು, 'ಆಪರೇಷನ್ ಡೈಮಂಡ್ ರಾಕೆಟ್', ಬಂದದ್ದು ಒಂಬತ್ತು ವರ್ಷ ತಡವಾಗಿ, 1978ರಲ್ಲಿ. ಆದರೆ ಬರುವಾಗ ಬಣ್ಣ ತಂದಿತು, ನೇಪಾಳ ತಂದಿತು, ಜಿ.ಕೆ. ವೆಂಕಟೇಶರ ರಾಗಕ್ಕೆ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಹಾಡು ತಂದಿತು. ಹಿಂದಿನ ಮೂರನ್ನು ನೋಡದವನಿಗೂ ಏನೂ ಕೊರತೆಯಾಗಲಿಲ್ಲ.

ತಮಿಳಿನ 'ಇಂಡಿಯನ್ 2' ಇದಕ್ಕೆ ತೀರ ಬೇರೆ. 1996ರ 'ಇಂಡಿಯನ್' ಬಂದಾಗ ಕಮಲ್ ಹಾಸನ್ ಮುದುಕನಾದದ್ದನ್ನು ನೋಡಲೆಂದೇ ಜನ ಹೋದರು. ವಿಶೇಷ ದೃಶ್ಯಗಳಿಗೆ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತ್ತು. ಮುಂದಿನ ಭಾಗ ತೆರೆಗೆ ಬಂದದ್ದು 2024ರ ಜುಲೈ 12ಕ್ಕೆ. 28 ವರ್ಷ. ಚಿತ್ರೀಕರಣ ಶುರುವಾಗಿದ್ದೇ 2019ರಲ್ಲಿ. ಮರುವರ್ಷ ಸೆಟ್ಟಿನಲ್ಲಿ ಕ್ರೇನ್ ಬಿದ್ದು ಮೂವರು ಸತ್ತರು, ಆಮೇಲೆ ಕೊರೊನಾ, ಆಮೇಲೆ ಕೋರ್ಟು. ಇಲ್ಲೂ ಹಳೆಯ ಚಿತ್ರವನ್ನು ತಿಂಗಳ ಮುಂಚೆ ಮತ್ತೆ ತೆರೆಗೆ ಬಿಟ್ಟರು. ತಂತ್ರಜ್ಞಾನಕ್ಕೂ ಬರವಿರಲಿಲ್ಲ: 2021ರಲ್ಲೇ ತೀರಿಕೊಂಡ ನಟರಾದ ವಿವೇಕ್, ನೆಡುಮುಡಿ ವೇಣು ಅದರಲ್ಲಿ ಕಾಣಿಸುತ್ತಾರೆ. ಆದರೂ ಬಿಡುಗಡೆಯಾದ ಕೆಲವೇ ದಿನಕ್ಕೆ ಸುಮಾರು 12 ನಿಮಿಷ ಕತ್ತರಿಸಬೇಕಾಯಿತು. ಅದೇ ಮುದುಕ, ಅದೇ ಲಂಚ, ಮರ್ಮಸ್ಥಾನಕ್ಕೆ ಹೊಡೆಯುವ ಅದೇ ವರ್ಮಕಲೆ. ನನ್ನ ಕಣ್ಣಿಗೆ ಕಂಡದ್ದು, ಆ 28 ವರ್ಷದಲ್ಲಿ ಯಾರೂ ಏನನ್ನೂ ಕಂಡುಹಿಡಿದಿರಲಿಲ್ಲ. ಅವರು ಕಾದದ್ದು ಉಪಕರಣಕ್ಕಲ್ಲ, ಅಡ್ಡಿಗಳು ಕಳೆಯಲಿ ಅಂತ.

ಇಷ್ಟೆಲ್ಲ ಕಾಯುವುದನ್ನು ನೋಡಲು ಕೊಯಮತ್ತೂರಿನ ಸಾಮಿಕ್ಕಣ್ಣು ವಿನ್ಸೆಂಟ್ ಇದ್ದಿದ್ದರೆ ಏನನ್ನುತ್ತಿದ್ದರೋ. ರೈಲ್ವೆ ನೌಕರಿ ಬಿಟ್ಟು 1905ರಲ್ಲಿ ಫ್ರೆಂಚ್ ಮನುಷ್ಯನೊಬ್ಬನಿಂದ ಪ್ರೊಜೆಕ್ಟರು, ರೀಲು ಕೊಂಡು ಟೆಂಟಿನೊಂದಿಗೆ ಊರೂರು ಸುತ್ತಿದವರು, 1914ರಲ್ಲಿ ವೆರೈಟಿ ಹಾಲ್ ಚಿತ್ರಮಂದಿರ ಕಟ್ಟಿದವರು. ಟೆಂಟಿನವರ ಹತ್ತಿರ ಇರುತ್ತಿದ್ದುದು ನಾಲ್ಕಾರು ರೀಲು. ನೋಡಿ ಮುಗಿಸಿದ ಊರನ್ನು ಬಿಟ್ಟು ನೋಡದ ಊರಿಗೆ ಗಾಡಿ ಹೊಡೆಯುವುದೇ ವ್ಯಾಪಾರ. ಹದಿಮೂರು ವರ್ಷ ಕಾಯುವುದೂ ಅದೇ ಥರ ಅನ್ನಿಸುತ್ತದೆ. ಟೆಂಟು ಕದಲದಿದ್ದರೂ ಊರೇ ಹೊಸದಾಗಿರುತ್ತದೆ. ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಆ ಹೊಸ ಊರಿನವನು.

ಚಿತ್ರ ಶುರುವಾಗಿ ಸ್ವಲ್ಪಕ್ಕೆ ನಾನು ಅವನ ಕಿವಿಯಲ್ಲಿ "ಜೇಕ್, ಜೇಕ್ ಅಂತ" ಅಂದೆ. "ಷ್, ಸುಮ್ಮನಿರು ಮಾವಾ" ಅಂದ. ನೀರಿನಿಂದ ಕಣ್ಣು ಕೀಳಲಿಲ್ಲ. ಮೂರು ಗಂಟೆ ದಾಟಿದ ಚಿತ್ರದಲ್ಲಿ ನನಗೆ ನಡುವೆ ಒಮ್ಮೆ ತೂಕಡಿಕೆ ಬಂದದ್ದು ನಿಜ, ಅವನಿಗೆ ಬರಲಿಲ್ಲ.

ವಾಪಸು ಬರುವಾಗ ಗಾಂಧಿಪುರಂನಲ್ಲಿ ಸತ್ಯಮಂಗಲದ ಬಸ್ಸು ಹತ್ತಿದೆವು. ಬಿಳಿ ಚೆಂಡಿನ ಕತೆ, ಉಸಿರು ಕಟ್ಟುವ ಕತೆ ಹೇಳಿದೆ. ಸರವಣಂಪಟ್ಟಿಯಲ್ಲಿ ಸಿಗ್ನಲ್ಲಿಗೆ ಬಸ್ಸು ನಿಂತಾಗ ಹುಡುಗ ಮೂಗು ಹಿಡಿದು ಕೆನ್ನೆ ಉಬ್ಬಿಸಿದ. ನಾನು ಮೊಬೈಲಿನಲ್ಲಿ ಸಮಯ ಹಿಡಿದೆ. 38 ಸೆಕೆಂಡು. ಸಿಗ್ನಲ್ ಇನ್ನೂ ಕೆಂಪಾಗಿಯೇ ಇತ್ತು. "ಇನ್ನೊಂದು ಸಲ" ಅಂದ.