ಊರ ಬಾವಿಯೇ ಪ್ರಯೋಗಶಾಲೆ: ಬಿಎಸ್ಸಿಗೆ ಬೇಕು ಯೋಜನಾಧಾರಿತ ಕಲಿಕೆ

ಬಿಎಸ್ಸಿ ವಿದ್ಯಾರ್ಥಿ ಪ್ರಾಯೋಗಿಕ ತರಗತಿಯಲ್ಲಿ ಮಾಡುವ ಬಹುತೇಕ ಪ್ರಯೋಗಗಳ ಉತ್ತರ ಮೊದಲೇ ಗೊತ್ತಿರುತ್ತದೆ. ಲೋಲಕದ ಆಂದೋಲನ ಎಣಿಸಿ ಗುರುತ್ವ ವೇಗೋತ್ಕರ್ಷ 9.8 ಎಂದು ಬರೆದರೆ ಅಂಕ ಖಚಿತ. ಬೇರೆ ಸಂಖ್ಯೆ ಬಂದರೆ ಕಾರಣ ಹುಡುಕುವವರಿಗಿಂತ ಅದನ್ನು ತಿದ್ದಿ ಬರೆಯುವವರೇ ಹೆಚ್ಚು. ಇದಕ್ಕೆ ವ್ಯತಿರಿಕ್ತವಾಗಿ, ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡು ತಿಂಗಳುಗಟ್ಟಲೆ ಅದರ ಬೆನ್ನು ಹತ್ತುವುದೇ ಯೋಜನಾಧಾರಿತ ಕಲಿಕೆ.

ಈ ವಿಚಾರ ಹೊಸದಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಅವರಿಂದ ಪ್ರಭಾವಿತರಾಗಿದ್ದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲೇ 'ಯೋಜನಾ ಪದ್ಧತಿ'ಯನ್ನು ಪ್ರತಿಪಾದಿಸಿದ್ದರು.

ಜಕ್ಕೂರಿನ ಮಾದರಿ

ಕರ್ನಾಟಕದಲ್ಲೂ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. 1989ರಲ್ಲಿ ಸ್ಥಾಪನೆಯಾದ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ರಸಾಯನ ವಿಜ್ಞಾನ ಹಾಗೂ ಜೀವವಿಜ್ಞಾನದಲ್ಲಿ ಯೋಜನಾಧಾರಿತ ಶಿಕ್ಷಣ ಕಾರ್ಯಕ್ರಮಗಳನ್ನು ರೂಪಿಸಿತು. ಆಯ್ಕೆಯಾದ ಬಿಎಸ್ಸಿ ವಿದ್ಯಾರ್ಥಿ ಸತತ ಮೂರು ಬೇಸಿಗೆ ರಜೆಗಳಲ್ಲಿ ಅಲ್ಲಿನ ವಿಜ್ಞಾನಿಗಳ ಜೊತೆ ದುಡಿಯುವುದು ಇದರ ತಿರುಳು. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಪದವಿಯಲ್ಲೂ ಅಂತಿಮ ವರ್ಷದಲ್ಲಿ ಸಂಶೋಧನಾ ಯೋಜನೆ ಇರುತ್ತದೆ. ಆದರೆ ಇಂಥ ಅವಕಾಶ ಬೆರಳೆಣಿಕೆಯವರಿಗಷ್ಟೇ ದಕ್ಕುತ್ತದೆ. ರೋಣ ತಾಲ್ಲೂಕಿನ ಅಬ್ಬಿಗೇರಿಯಂಥ ಊರಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುವ ವಿದ್ಯಾರ್ಥಿಯ ಗತಿಯೇನು?

ಪ್ರಶ್ನೆ ಇರುವುದು ನೀರಿನಲ್ಲೇ

ಉತ್ತರ ಆ ವಿದ್ಯಾರ್ಥಿಯ ಕಾಲಬುಡದಲ್ಲೇ ಇದೆ. ಗದಗ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಬಾಧೆ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ; ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹನೀಯ. ಬಹುಕಾಲ ಅದಕ್ಕಿಂತ ಹೆಚ್ಚಿನ ಪ್ರಮಾಣ ದೇಹ ಸೇರಿದರೆ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ತೀರ ಹೆಚ್ಚಾದರೆ ಮೂಳೆ, ಕೀಲುಗಳೂ ಸೆಡೆಯುತ್ತವೆ.

ತನ್ನೂರಿನ ಹತ್ತು ಕೊಳವೆಬಾವಿಗಳ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಪರೀಕ್ಷಿಸುವುದು ಬಿಎಸ್ಸಿ ವಿದ್ಯಾರ್ಥಿಯ ಶಕ್ತಿಗೆ ಮೀರಿದ್ದಲ್ಲ. ಜಿರ್ಕೋನಿಯಂ ಬೆರೆತ ಕೆಂಪು ಬಣ್ಣದ ದ್ರಾವಣಕ್ಕೆ ನೀರು ಸೇರಿಸಿದಾಗ, ಫ್ಲೋರೈಡ್ ಹೆಚ್ಚಿದ್ದಷ್ಟೂ ಬಣ್ಣ ಮಾಸುತ್ತದೆ. ಎಷ್ಟು ಮಾಸಿತೆಂಬುದನ್ನು ವರ್ಣಮಾಪಕ ಅಳೆಯುತ್ತದೆ. ಫ್ಲೋರೈಡ್ ಗಾಜಿನೊಡನೆ ವರ್ತಿಸಬಹುದಾದ್ದರಿಂದ ಪ್ಲಾಸ್ಟಿಕ್ ಬಾಟಲಿಯಲ್ಲೇ ನೀರು ತರಬೇಕು. ಸುಮಾರು 1.4 ಮಿಲಿಗ್ರಾಂ ದಾಟಿದರೆ ಈ ವಿಧಾನದ ಲೆಕ್ಕ ತಪ್ಪುವುದರಿಂದ ಮಾದರಿಯನ್ನು ತೆಳುಗೊಳಿಸಿ ಮತ್ತೆ ಅಳೆಯಬೇಕು. ಪಕ್ಕಪಕ್ಕದ ಎರಡು ಬಾವಿಗಳಲ್ಲಿ ಬೇರೆ ಬೇರೆ ಅಂಕಿ ಬಂದರೆ ದೋಷ ಅಳತೆಯದೋ, ಆಳದ್ದೋ, ಕೆಳಗಿನ ಬಂಡೆಯದೋ ಎಂದು ತರ್ಕಿಸಬೇಕು. ರಸಾಯನ ವಿಜ್ಞಾನ, ಭೂವಿಜ್ಞಾನ, ಸಂಖ್ಯಾಶಾಸ್ತ್ರ ಮೂರೂ ಕೂಡುವುದು ಇಲ್ಲಿಯೇ.

ಭೌತವಿಜ್ಞಾನದವರಿಗೂ ಕೊರತೆಯಿಲ್ಲ. ಗದಗ ಸೀಮೆಯ ಗಾಳಿಯಂತ್ರಗಳು ಕಣ್ಣೆದುರೇ ತಿರುಗುತ್ತಿವೆ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿನ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬ ನಿಯಮವನ್ನು ಪುಸ್ತಕದಿಂದ ಬಾಯಿಪಾಠ ಮಾಡುವುದಕ್ಕೂ, ಒಂದು ತಿಂಗಳ ಕಾಲ ಗಾಳಿಯ ವೇಗ ದಾಖಲಿಸಿ ಅರಿಯುವುದಕ್ಕೂ ಬಹಳ ಅಂತರವಿದೆ.

ನೀತಿ ಬದಲಾದರೂ

ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಪದವಿ ವ್ಯವಸ್ಥೆಯಲ್ಲಿ ನಾಲ್ಕನೆಯ ವರ್ಷದ ಅವಕಾಶವಿತ್ತು. 2024-25ರಿಂದ ಹೊಸಬರಿಗೆ ಮತ್ತೆ ಮೂರು ವರ್ಷದ ಪದವಿ. ಸಂಶೋಧನೆಗೆ ದೊರೆಯಬಹುದಾಗಿದ್ದ ಹೆಚ್ಚುವರಿ ವರ್ಷ ಇಲ್ಲವಾದ ಕಾರಣ, ಮೂರು ವರ್ಷದೊಳಗೇ ಯೋಜನೆಗೆ ಜಾಗ ಹುಡುಕುವುದು ಅನಿವಾರ್ಯ.

ಆದರೆ ಹೆಸರಿಗೊಂದು ಯೋಜನೆ ಸಾಲದು. ಹಳೆಯ ವರದಿಯ ನಕಲು ತೆಗೆದು, ರಟ್ಟು ಹಾಕಿಸಿ ಒಪ್ಪಿಸುವುದು ಕಲಿಕೆಯಲ್ಲ. ಅಧ್ಯಾಪಕರಿಗೆ ಮಾರ್ಗದರ್ಶನದ ಅವಧಿಯನ್ನು ಬೋಧನಾ ಹೊರೆಯಲ್ಲೇ ಲೆಕ್ಕ ಹಿಡಿಯಬೇಕು. ನಾಲ್ಕೈದು ವಿದ್ಯಾರ್ಥಿಗಳಿಗೊಂದು ಪ್ರಶ್ನೆ ಸಾಕು. ವಾರವಾರದ ದಿನಚರಿಗೆ ಅಂಕ ಇರಬೇಕು. ನಿರೀಕ್ಷಿಸಿದ ಫಲಿತಾಂಶ ಬಾರದಿದ್ದರೂ ಅಂಕ ಕಡಿತವಾಗಬಾರದು. ಕೊನೆಗೆ ವರದಿ ಕಪಾಟು ಸೇರದೆ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಮಂಡನೆಯಾಗಬೇಕು. ಯಾವ ಬಾವಿಯ ನೀರನ್ನು ಅಧಿಕೃತ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಬೇಕೆಂದು ಊರಿಗೆ ತಿಳಿದರೆ, ಆ ಪದವಿಗೊಂದು ಅರ್ಥ ಬರುತ್ತದೆ.