ಮೊಬೈಲ್ ಕಿತ್ತುಕೊಂಡರೆ ಚಟ ಬಿಟ್ಟೀತೆ?

ಪಿಯುಸಿ ಓದುವ ಮಗ ರಾತ್ರಿ ಎರಡಾದರೂ ಮಲಗಲ್ಲ, ಊಟಕ್ಕೆ ಕರೆದರೆ ‘ಐದೇ ನಿಮಿಷ ಅಮ್ಮಾ’ ಅಂತಾನೆ, ನೆಟ್ ಆಫ್ ಮಾಡಿದರೆ ರೇಗಾಡುತ್ತಾನೆಯೇ? ‘ವಯಸ್ಸೇ ಹಾಗೆ’ ಎಂದು ಸುಮ್ಮನಾಗಬೇಡಿ. ನಿದ್ದೆ, ಓದು, ಗೆಳೆಯರ ಒಡನಾಟ ತಿಂಗಳುಗಟ್ಟಲೆ ಕೆಡುತ್ತಿದ್ದರೆ ಅದು ಚಟದ ಸೂಚನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ವಿಡಿಯೊ ಗೇಮ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಹಾಗಂತ ಮೊಬೈಲ್ ಕಿತ್ತುಕೊಂಡರೆ ಹಟ ಹೆಚ್ಚುತ್ತದೆ, ಕದ್ದು ನೋಡುವುದು ಶುರುವಾಗುತ್ತದೆ. ಎಷ್ಟು ಹೊತ್ತು ನೋಡಬಹುದೆಂದು ಅವನ ಜೊತೆಗೇ ಕೂತು ಮಾತಾಡಿ ಗೊತ್ತು ಮಾಡಿ. ರಾತ್ರಿ ಹತ್ತಾದ ಮೇಲೆ ಎಲ್ಲರ ಫೋನೂ ಹಾಲ್‌ನಲ್ಲೇ ಚಾರ್ಜ್‌ಗಿರಲಿ, ನಿಮ್ಮದೂ, ನಿಮ್ಮ ಯಜಮಾನರದೂ! ನಾವು ರೀಲ್ಸ್ ನೋಡುತ್ತಾ ಬುದ್ಧಿ ಹೇಳಿದರೆ ಯಾವ ಮಕ್ಕಳು ಕೇಳುತ್ತವೆ ಹೇಳಿ?

ಕೈಮೀರಿದೆ ಅನ್ನಿಸಿದರೆ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ‘ಶಟ್’ ಕ್ಲಿನಿಕ್ ತೆರೆದಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಉಚಿತ ಸಲಹೆ ಪಡೆಯಬಹುದು.