ಹಂಚು ಇಳಿಸಿದ ಮೇಲೆ ಕಾಣುವ ಲೆಕ್ಕ

ಹಳೆಯ ಹಂಚಿನ ಮನೆಯ ಮಾಡು ಬಿಚ್ಚಿ ಕಟ್ಟಿಸುವಾಗ ಮನೆಯವರಿಗೂ ಮೇಸ್ತ್ರಿಗೂ ಮನಸ್ತಾಪ ಬಾರದ ಊರು ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಸಿಗುವುದು ಕಷ್ಟ. “ಮೊದಲು ಹೇಳಿದ ಲೆಕ್ಕವೇ ಬೇರೆ, ಈಗ ಕೇಳುವುದೇ ಬೇರೆ” ಎಂದು ಮನೆಯವರು. “ಹಂಚು ಇಳಿಸದೆ ಒಳಗೇನಿದೆ ಅಂತ ನನಗಾದರೂ ಹೇಗೆ ಗೊತ್ತಾಗಬೇಕು ಸ್ವಾಮಿ” ಎಂದು ಮೇಸ್ತ್ರಿ. ಹೆಚ್ಚಿನ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಮಾಡಿನ ಕೆಲಸದ ಖರ್ಚಿನಲ್ಲಿ ದೊಡ್ಡ ಪಾಲು ಹಂಚಿನ ಅಡಿಯ ಮರದಲ್ಲಿ ಅಡಗಿರುತ್ತದೆ. ಆ ಕಾಣದ ಭಾಗಕ್ಕೆ ದರ ಏನು, ಅಳೆಯುವುದು ಹೇಗೆ, ಹೆಚ್ಚಾದರೆ ಯಾರನ್ನು ಕೇಳಿ ಮುಂದುವರಿಯಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳದೆ ಇದ್ದದ್ದರಿಂದಲೇ ಮಾತು ಬೆಳೆಯುತ್ತದೆ. ಒಳ್ಳೆಯ ಗುತ್ತಿಗೆದಾರನನ್ನು ಹುಡುಕುವ ಕೆಲಸದ ತಿರುಳೂ ಇದೇ ಎಂದು ನಾನು ನಂಬಿದ್ದೇನೆ.

ಮಾಡಿನ ರಚನೆ ಗೊತ್ತಿದ್ದರೆ ಅರ್ಧ ಮಾತು ಸಲೀಸು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಇಳಿಜಾರಾಗಿ ಪಕ್ಕಾಸು, ಪಕ್ಕಾಸಿಗೆ ಅಡ್ಡಲಾಗಿ ರೀಪು, ರೀಪಿನ ಮೇಲೆ ಹಂಚು. ಹಂಚು ಒಡೆಯುವುದು ಕಣ್ಣಿಗೆ ಕಾಣುತ್ತದೆ: ತೆಂಗಿನಕಾಯಿ ಬಿದ್ದದ್ದು, ಮಂಗ ಹಾರಿದ್ದು. ಮರ ಕುಂಬಾಗುವುದು ಮಾತ್ರ ಸದ್ದಿಲ್ಲದೆ. ಪಕ್ಕಾಸಿನ ಸೂರಿನ ಕಡೆಯ ತುದಿ, ತೊಲೆ ಗೋಡೆಯೊಳಗೆ ಹುದುಗಿರುವ ಜಾಗ, ಎರಡು ಮಾಡು ಕೂಡುವ ಮೂಲೆಯಲ್ಲಿ ತಗಡಿನ ಅಡಿ, ಈ ಮೂರು ಕಡೆ ಮೊದಲು ಹಾಳಾಗುತ್ತದೆ. ಅಡುಗೆಮನೆಯ ಮೇಲಿನ ಮರ ಒಲೆಯ ಹೊಗೆ ಕುಡಿದು ಗಟ್ಟಿಯಾಗಿ ಉಳಿಯುತ್ತಿತ್ತು, ಗ್ಯಾಸ್ ಬಂದ ಮೇಲೆ ಅಲ್ಲಿಗೂ ಒರಲೆ ಬಂತು ಎಂದು ಹಳಬರು ಹೇಳುವುದುಂಟು. ಅದಕ್ಕಾಗಿ ಮತ್ತೆ ಹೊಗೆ ಹಾಕಬೇಕಿಲ್ಲ, ಆ ಭಾಗವನ್ನೂ ಬಿಡದೆ ನೋಡಬೇಕು ಅಷ್ಟೆ.

ಆದ್ದರಿಂದ ಮೇಸ್ತ್ರಿ ಮನೆಗೆ ಬಂದ ದಿನ ಅವನು ಏನು ಮಾಡುತ್ತಾನೆ ಎಂಬುದನ್ನು ಗಮನಿಸಿ. ಅಂಗಳದಲ್ಲಿ ನಿಂತು ಮಾಡಿನತ್ತ ಒಮ್ಮೆ ನೋಡಿ ಚದರಡಿಗೆ ಇಷ್ಟು ಎಂದುಬಿಟ್ಟರೆ ಆ ದರಕ್ಕೆ ಅರ್ಥವಿಲ್ಲ. ಅಟ್ಟಕ್ಕೆ ಹತ್ತಿ, ಸ್ಕ್ರೂ ಡ್ರೈವರ್‌ನಿಂದ ಪಕ್ಕಾಸಿನ ತುದಿ ಚುಚ್ಚಿ ನೋಡಿ, ಎರಡು ಮೂರು ಕಡೆ ಐದಾರು ಹಂಚು ಸರಿಸಿ ರೀಪು ಮುಟ್ಟಿ ನೋಡುವವನು ಕೆಲಸ ಬಲ್ಲವನು. ಅವನು ತಾನಾಗಿ ಹತ್ತದಿದ್ದರೆ ನೀವೇ ಹೇಳಿ. ಪರೀಕ್ಷೆಗೆ ಅರ್ಧ ದಿನದ ಕೂಲಿ ಕೇಳಿದರೂ ಕೊಡುವುದೇ ಒಳ್ಳೆಯದು. ಸಾಧ್ಯವಾದರೆ ಮರದ ಕೆಲಸ ಮಾಡುವ ಆಚಾರಿಯೂ ಜೊತೆಗೆ ಬರಲಿ. ಗಾರೆ ಕೆಲಸದ ಮೇಸ್ತ್ರಿ ‘ಎಲ್ಲಾ ಬದಲಾಯಿಸಬೇಕು’ ಎಂದ ತೊಲೆಯನ್ನು ಆಚಾರಿ ತುದಿ ಕತ್ತರಿಸಿ ಜೋಡಿಸಿ ಉಳಿಸಿಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಹಳೆಯ ಹಲಸು, ಬೋಗಿ, ತೇಗದ ಮರ ಇಂದು ಅದೇ ಗುಣದಲ್ಲಿ ಸಿಗುವುದು ದುಬಾರಿ.

ಯಾರನ್ನು ಕರೆಯುವುದು? ಹಂಚಿನ ಅಂಗಡಿ, ಸಾಮಿಲ್ಲು, ಹಾರ್ಡ್‌ವೇರ್ ಅಂಗಡಿಯವರು ಹೆಸರು ಹೇಳುತ್ತಾರೆ. ಅಲ್ಲಿ ಕಮಿಷನ್ ಇರಬಹುದೆಂಬ ಎಚ್ಚರ ಇರಲಿ. ಅದಕ್ಕಿಂತ ನಂಬಲು ತಕ್ಕದ್ದು, ಅವನು ಎರಡು ಮೂರು ವರ್ಷ ಹಿಂದೆ ಮಾಡಿದ ಮನೆ. ಹೋದ ತಿಂಗಳು ಮುಗಿಸಿದ ಮನೆ ತೋರಿಸಿದರೆ ಸಾಲದು, ಅದಿನ್ನೂ ಮಳೆ ಕಂಡಿಲ್ಲ. ಹಳೆಯ ಮನೆಗೆ ಹೋಗಿ ಗೋಡೆಯ ಮೇಲ್ತುದಿಯಲ್ಲಿ ನೀರಿಳಿದ ಕಲೆ ಇದೆಯೇ ನೋಡಿ. ಆ ಮನೆಯ ಹೆಂಗಸರನ್ನು ಕೇಳಿ. ಪಾತ್ರೆ ಇಡುವ ಜಾಗ ಯಾವುದೆಂದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಅಳತೆ. ಇಲ್ಲಿ ಬಹಳ ಜನ ಮೋಸ ಹೋದೆವೆಂದು ತಿಳಿಯುತ್ತಾರೆ, ನಿಜಕ್ಕೂ ಆದದ್ದು ಲೆಕ್ಕದ ತಪ್ಪು. ನಿಮ್ಮ ಮನೆ ಸಾವಿರ ಚದರಡಿ ಎಂದುಕೊಳ್ಳಿ, 40 ಅಡಿ ಉದ್ದ, 25 ಅಡಿ ಅಗಲ. ಸೂರು ನಾಲ್ಕು ಕಡೆಯೂ ಎರಡೂವರೆ ಅಡಿ ಹೊರಚಾಚಿದರೆ ಮಾಡು ಆವರಿಸುವ ಜಾಗ 45ಕ್ಕೆ 30, ಅಂದರೆ 1350 ಚದರಡಿ. ಮಾಡು ಇಳಿಜಾರಾಗಿದೆಯಲ್ಲ, 30 ಡಿಗ್ರಿ ಇಳಿಜಾರಿದ್ದರೆ ಇದನ್ನು 1.155ರಿಂದ ಗುಣಿಸಬೇಕು. ಬರುವುದು ಸುಮಾರು 1560 ಚದರಡಿ. ಮೇಸ್ತ್ರಿ ಬಿಲ್ಲು ಬರೆಯುವುದು ಈ ಅಳತೆಗೆ, ನೀವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಸಾವಿರಕ್ಕೆ. ಇಳಿಜಾರಿನ ಮೇಲೆ ಟೇಪು ಹಿಡಿದು ಇಬ್ಬರೂ ಸೇರಿ ಅಳೆದು ಬರೆದಿಟ್ಟರೆ ಈ ಗೊಂದಲ ಅಲ್ಲಿಗೇ ಮುಗಿಯಿತು. ಮಂಗಳೂರು ಹಂಚು ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 15 ಬೇಕು; ಮೇಲಿನ ಮನೆಗೆ ಎರಡು ಸಾವಿರದ ನೂರೆಪ್ಪತ್ತರಷ್ಟು, ಒಡೆಯುವುದಕ್ಕೆ ಬೇರೆ ಸೇರಿಸಿಕೊಳ್ಳಿ.

ಮರದ ಲೆಕ್ಕ ಘನ ಅಡಿಯಲ್ಲಿ, ಸಾಮಿಲ್ಲಿನವರ ಬಾಯಲ್ಲಿ ಸಿಎಫ್‌ಟಿ. ಸೂತ್ರ ಸುಲಭ: ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪ, ಹನ್ನೆರಡು ಅಡಿ ಉದ್ದದ ಒಂದು ಪಕ್ಕಾಸು ಮುಕ್ಕಾಲು ಘನ ಅಡಿಗೂ ತುಸು ಕಡಿಮೆ, 0.67. ಇದು ಗೊತ್ತಿದ್ದವರು ಬಿಲ್ಲನ್ನು ತಾವೇ ಪರಿಶೀಲಿಸಬಲ್ಲರು. ಸ್ವಂತ ಜಾಗದ ತೇಗ, ಬೀಟೆ ಕಡಿದು ಬಳಸುವ ಯೋಚನೆ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲು ಬೇಕು, ಸಾಗಿಸಲೂ ಬೇಕು.

ಹಂಚಿನ ವಿಷಯದಲ್ಲಿ ಒಂದು ಮಾತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಆಸುಪಾಸಿನಲ್ಲಿ ಒಂದಾದ ಮೇಲೊಂದು ಕಾರ್ಖಾನೆಗಳು ಎದ್ದವು. ಈಗ ಹೆಚ್ಚಿನವು ಮುಚ್ಚಿವೆ. ಪ್ರತಿ ಕಾರ್ಖಾನೆಯ ಅಚ್ಚು ಕೂದಲೆಳೆಯಷ್ಟು ಬೇರೆ. ಒಂದರ ಹಂಚಿನ ತೋಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ, ಅಲ್ಲಿ ನೀರು ಇಳಿಯುತ್ತದೆ. ಹಂಚಿನ ಬೆನ್ನಿನಲ್ಲಿ ಕಾರ್ಖಾನೆಯ ಹೆಸರು ಇರುತ್ತದೆ, ಓದಿ. ಹಳೆಯದೂ ಹೊಸದೂ ಬೆರೆಸಲೇಬೇಕಾದರೆ ಮಾಡಿನ ಒಂದು ಇಳಿಜಾರಿಗೆ ಪೂರ್ತಿ ಹಳೆಯದು, ಇನ್ನೊಂದಕ್ಕೆ ಪೂರ್ತಿ ಹೊಸದು ಹಾಕಿಸಿ. ಹೊಸ ರೀಪು ಹೊಡೆಯುವ ಅಂತರವನ್ನೂ ಹಾಕಲಿರುವ ಹಂಚನ್ನೇ ಇಟ್ಟು ನಿಶ್ಚಯಿಸಬೇಕು. ಹಂಚು ತಲುಪುವ ಮೊದಲೇ ರೀಪು ಹೊಡೆದು ಮುಗಿಸುವ ಅವಸರದ ತಂಡವನ್ನು ತಡೆಯಿರಿ.

ಕೆಲಸ ಒಪ್ಪಿಸುವ ಬಗೆ ಮೂರು: ದಿನಗೂಲಿ, ಕೂಲಿ ಮಾತ್ರದ ಗುತ್ತಿಗೆ, ಸಾಮಾನು ಸಮೇತ ಗುತ್ತಿಗೆ. ಹಳೆಯ ಮಾಡಿಗೆ ಇಡೀ ಕೆಲಸವನ್ನು ಸಾಮಾನು ಸಮೇತ ಒಂದೇ ಮೊತ್ತಕ್ಕೆ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ. ಒಳಗಿನ ಮರ ಹೇಗಿದೆಯೆಂದು ಗೊತ್ತಿಲ್ಲದ ಗುತ್ತಿಗೆದಾರ ನಷ್ಟವಾಗಬಾರದೆಂದು ಮೊತ್ತ ಏರಿಸುತ್ತಾನೆ, ಇಲ್ಲವೇ ಕುಂಬಾದ ಪಕ್ಕಾಸಿನ ಮೇಲೇ ಹಂಚು ಮುಚ್ಚುತ್ತಾನೆ. ಬದಲಿಗೆ ಹೀಗೆ ಹಂಚಿಕೊಳ್ಳಿ: ಹಂಚು ಇಳಿಸುವುದು, ಮರದ ರಿಪೇರಿ ದಿನಗೂಲಿಯಲ್ಲಿ. ಅಳೆಯಬಹುದಾದ ರೀಪು, ಹಂಚು ಹೊದಿಸುವುದು, ಬಣ್ಣ ಅಡಿ ಲೆಕ್ಕದಲ್ಲಿ. ಮರ ಮತ್ತು ಹಂಚು ನೀವೇ ತಂದುಕೊಡುವುದು. ಓಡಾಟ ಹೆಚ್ಚು, ಆದರೆ ಹಣ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಊರಲ್ಲಿ ಇರಲಾಗದೆ ಬೆಂಗಳೂರಿನಿಂದಲೋ ದುಬೈಯಿಂದಲೋ ಫೋನಿನಲ್ಲೇ ಮಾಡಿಸುವವರಿಗೆ ಇದು ಕಷ್ಟ. ಅವರು ಸಾಮಾನು ಸಮೇತ ಕೊಟ್ಟರೂ ಹೆಚ್ಚುವರಿ ಮರಕ್ಕೆ ಘನ ಅಡಿಯ ದರ ಮೊದಲೇ ನಿಗದಿಯಾಗಿರಲಿ, ತೆಗೆದ ಪ್ರತಿಯೊಂದು ಮರದ ಫೋಟೋ ಬಂದ ಮೇಲೆಯೇ ಹೊಸದು ಕೂರಲಿ.

ಕರಾರಿಗೆ ಬಿಳಿಯ ಹಾಳೆ ಸಾಕು, ಇಬ್ಬರ ಸಹಿ ಇರಬೇಕು. ದರ, ಅಳತೆ, ಮುಗಿಸುವ ದಿನದ ಜೊತೆ ಅದರಲ್ಲಿ ಜನ ಬರೆಯಲು ಮರೆಯುವ ಕೆಲವು ಸಂಗತಿಗಳಿವೆ. ಇಳಿಸಿದ ಹಳೆಯ ಮರ, ಹಂಚು ಯಾರದು? ತನ್ನದೆಂದು ಮೇಸ್ತ್ರಿ ಭಾವಿಸಿ ಲಾರಿಗೆ ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಒಡೆದ ಚೂರು, ಕಸ ಸಾಗಿಸುವ ಖರ್ಚು ಯಾರದು? ಕೆಲಸದವರಿಗೆ ಊಟ, ಉಳಿಯುವ ಜಾಗ ಯಾರ ಬಾಬ್ತು? ಟಾರ್ಪಾಲು ಯಾರು ತರಬೇಕು? ಕೊನೆಯದು ಸಣ್ಣದೆಂದು ತೋರಬಹುದು. ಮೊದಲ ಹಂಚು ಇಳಿಯುವ ಮುಂಚೆ ಟಾರ್ಪಾಲು ಅಂಗಳದಲ್ಲಿರಬೇಕು, ಒಂದು ಸಲಕ್ಕೆ ಒಂದೇ ಇಳಿಜಾರು ಬಿಚ್ಚಬೇಕು. ಏಪ್ರಿಲ್ ಸಂಜೆಯ ಒಂದು ಅಡ್ಡಮಳೆಗೆ ಮಣ್ಣಿನ ಗೋಡೆ ಬಾಯಿಬಿಡುತ್ತದೆ.

ಏಪ್ರಿಲ್ ಎಂದೆ, ನಿಜಕ್ಕೂ ಅಲ್ಲಿವರೆಗೆ ತಳ್ಳಬಾರದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಎಲ್ಲರಿಗೂ ಮಾಡಿನ ನೆನಪಾಗುವುದು ಯುಗಾದಿ ಕಳೆದ ಮೇಲೆ. ಆಗ ಒಬ್ಬ ಮೇಸ್ತ್ರಿ ನಾಲ್ಕು ಮನೆ ಹಿಡಿದು ಯಾವುದನ್ನೂ ಮುಗಿಸಲಾರ. ದೀಪಾವಳಿಗೆ ಮಾತು, ಡಿಸೆಂಬರ್ ಜನವರಿಯಲ್ಲಿ ಕೆಲಸ ಆದರೆ ಆಳುಗಳೂ ಸಿಗುತ್ತಾರೆ, ಮರ ಒಣಗಲು ಹೊತ್ತೂ ಇರುತ್ತದೆ.

ಹಣ ಕೊಡುವ ಕ್ರಮ ಹೀಗಿದ್ದರೆ ಒಳ್ಳೆಯದು: ಮುಂಗಡ ಶೇ. 10ರಿಂದ 15, ಹಂಚು ಇಳಿಸಿ ಮರದ ಕೆಲಸ ಮುಗಿದಾಗ ಒಂದು ಕಂತು, ಹಂಚು ಹೊದಿಸಿದಾಗ ಒಂದು, ಹತ್ತರಲ್ಲೊಂದು ಪಾಲು ಮೊದಲ ಜೋರು ಮಳೆ ನೋಡಿದ ಮೇಲೆ. ಈ ಬಾಕಿಯನ್ನು ಕರಾರಿನಲ್ಲೇ ಬರೆಯಬೇಕು, ಕೊನೆಗೆ ಹಿಡಿದಿಟ್ಟುಕೊಂಡರೆ ಅದು ಅನ್ಯಾಯ. ಸೋರದಿದ್ದರೆ ಮೇಸ್ತ್ರಿ ಕೇಳುವ ಮೊದಲೇ ಕೊಡಿ. ವಾರದ ಬಟವಾಡೆಯನ್ನಂತೂ ಒಂದು ದಿನವೂ ತಡಮಾಡಬಾರದು. ಮೇಸ್ತ್ರಿಯ ಮೇಲಿನ ಸಿಟ್ಟಿಗೆ ದಿನಗೂಲಿಯವರ ಹೊಟ್ಟೆ ಕಾಯಬೇಕಾಗಿಲ್ಲ. ಪಕ್ಕಾ ಬಿಲ್ಲು ಕೊಡುವ ಗುತ್ತಿಗೆದಾರ ಶೇ. 18 ಜಿಎಸ್‌ಟಿ ಸೇರಿಸುತ್ತಾನೆ, ದರ ಹೋಲಿಸುವಾಗ ಅದನ್ನು ನೆನಪಿಡಿ.

ಈಗ ಅನೇಕರು ಮರದ ಬದಲು ಕಬ್ಬಿಣದ ಟ್ರಸ್ ಎಬ್ಬಿಸಿ ಬಣ್ಣದ ಶೀಟು ಹೊದಿಸುತ್ತಾರೆ. ಹಂಚು ತನ್ನ ಭಾರದಿಂದಲೇ ಕೂತಿರುತ್ತದೆ, ಚದರ ಮೀಟರಿಗೆ 35 ಕಿಲೋಗೂ ಹೆಚ್ಚು. ಶೀಟು ಐದಾರು ಕಿಲೋ. ಗಾಳಿ ಅದನ್ನು ಮೇಲೆತ್ತುತ್ತದೆ. ಆದ್ದರಿಂದ ಟ್ರಸ್ಸಿನ ಕಾಲನ್ನು ಗೋಡೆಗೆ ಯಾವ ಬೋಲ್ಟಿನಿಂದ, ಎಷ್ಟು ಆಳಕ್ಕೆ ಕಟ್ಟುತ್ತೀರಿ ಎಂದು ಕೇಳಲೇಬೇಕು. ಶೀಟಿನ ದಪ್ಪ 0.5 ಮಿ.ಮೀ. ಎಂದರೆ ಬಣ್ಣ ಸೇರಿಸಿಯೋ ಬಿಟ್ಟೋ ಎಂಬುದನ್ನೂ ಬರೆಸಿಕೊಳ್ಳಿ. ಸ್ಕ್ರೂ ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಷರಿನೊಂದಿಗೆ ಬೀಳಬೇಕು. ಹಳೆಯ ಸಿಮೆಂಟ್ ಶೀಟು ತೆಗೆಯುವುದಿದ್ದರೆ ಅದನ್ನು ಸುತ್ತಿಗೆಯಿಂದ ಒಡೆಯಲು ಬಿಡಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು; ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಹಂಚು ತೆಗೆದು ತಾರಸಿ ಹಾಕುವುದಾದರೆ, ಮಹಡಿ ಏರಿಸುವುದಾದರೆ ಪಂಚಾಯಿತಿಯ ಅಥವಾ ನಗರಸಭೆಯ ಪರವಾನಗಿ ಬೇಕು.

ಮಾಡಿನ ಮೇಲೆ ಹತ್ತುವವರ ಪ್ರಾಣದ ಬಗ್ಗೆ ಯಾರೂ ಮಾತಾಡುವುದಿಲ್ಲ, ಇದು ನನ್ನನ್ನು ಬಹಳ ಕಾಡುತ್ತದೆ. ಸೊಂಟಕ್ಕೆ ಬೆಲ್ಟು, ಹಗ್ಗ, ಮಳೆ ಬಂದರೆ ಕೂಡಲೇ ಕೆಳಗೆ ಎಂಬುದು ಕರಾರಿನಲ್ಲಿರಲಿ. ಅಟ್ಟದಲ್ಲಿ ಹಾದುಹೋದ ಹಳೆಯ ವಯರುಗಳಿಗೆ ಮೈನ್ ಸ್ವಿಚ್ ಆರಿಸಿಡಿ. ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಕೇಳಿ. ಹಿಂದಿನ ವರ್ಷ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ನೋಂದಾಯಿಸಬಹುದು, ಅಪಘಾತವಾದರೆ ಮಂಡಳಿಯ ನೆರವು ಸಿಗುತ್ತದೆ.

ಕೆಲಸ ಕೆಟ್ಟು, ಮಾತಿಗೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅದರ ‘ಸೇವೆ’ಯೊಳಗೆ ಮನೆ ನಿರ್ಮಾಣವೂ ಸೇರಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕೇಳಬಹುದು. ನಿಮ್ಮ ಕೈಕೆಳಗೆ ದಿನಗೂಲಿಗೆ ದುಡಿದವರ ಕೆಲಸಕ್ಕೆ ಈ ದಾರಿ ಸಿಗುವುದು ಕಷ್ಟ, ಗುತ್ತಿಗೆಗೆ ಸಿಗುತ್ತದೆ. ಆಯೋಗ ಕೇಳುವುದು ಸಹಿಯಾದ ಹಾಳೆ, ಹಣ ಸಂದಾಯದ ದಾಖಲೆ, ಫೋಟೋ, ವಾಟ್ಸಾಪ್ ಮಾತುಕತೆ. ಹಾಗಾಗಿ ದೊಡ್ಡ ಕಂತುಗಳು ನಗದಿನಲ್ಲಿ ಬೇಡ, ಬ್ಯಾಂಕಿನ ಮೂಲಕವೇ ಹೋಗಲಿ. ಕೊನೆಗೊಂದು ಮಾತು: ಹಂಚು ತರಿಸುವಾಗ ಅದೇ ಕಾರ್ಖಾನೆಯದು ನೂರು ಹೆಚ್ಚು ತರಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿಡಿ. ಐದು ವರ್ಷ ಕಳೆದು ಬೇಕಾದಾಗ ಆ ಅಚ್ಚಿನ ಹಂಚು ಮತ್ತೆ ಸಿಕ್ಕೀತೆಂಬ ಭರವಸೆ ಇಲ್ಲ.